‘ಹ್ಯಾಕ್‌ಸಾ ರಿಡ್ಜ್’: ಒಬ್ಬನೇ 75 ಜನರನ್ನು ಇಳಿಸಿದ್ದು ನಿಜವಾ?

ಪ್ರಶ್ನೆ: ‘ಹ್ಯಾಕ್‌ಸಾ ರಿಡ್ಜ್’ ಸಿನಿಮಾ ನೋಡಿದೆ. ಕೈಯಲ್ಲಿ ಬಂದೂಕೇ ಇಲ್ಲದ ಒಬ್ಬ ಸೈನಿಕ 75 ಜನರನ್ನು ಉಳಿಸೋದು ಸಾಧ್ಯವಾ? ಸಿನಿಮಾ ಅಂತ ಜಾಸ್ತಿ ಮಾಡಿ ತೋರಿಸಿದ್ದಾರಾ?

ಉತ್ತರ: ನಿಜವಾಗಿ ನಡೆದದ್ದೇ. ಎರಡನೇ ಮಹಾಯುದ್ಧದ ಕಾಲ, 1945ರ ಮೇ 5, ಶನಿವಾರ. ಜಪಾನಿನ ಒಕಿನಾವಾ ದ್ವೀಪದ ಬೆಟ್ಟದ ತುದಿಯಿಂದ ಅಮೆರಿಕದ ಸೈನಿಕರು ಹಿಂದೆ ಸರಿದಾಗ ಗಾಯಾಳುಗಳು ಮೇಲೆಯೇ ಉಳಿದರು. ಅವರ ಜೊತೆ ಉಳಿದವನು ವೈದ್ಯಕೀಯ ಸಹಾಯಕ ಡೆಸ್ಮಂಡ್ ಡಾಸ್. ಆಗ ಅವನಿಗೆ 26 ವರ್ಷ. ಎಷ್ಟು ಜನರನ್ನು ಇಳಿಸಿದ ಅಂತ ಯಾರೂ ಎಣಿಸುತ್ತ ಕೂತಿರಲಿಲ್ಲ. ಆಮೇಲೆ ಮೇಲಧಿಕಾರಿಗಳು ನೂರು ಅಂದರು. ಡಾಸ್ ಒಪ್ಪಲಿಲ್ಲ, ಐವತ್ತು ದಾಟಿರಲಿಕ್ಕಿಲ್ಲ ಅಂದ. ಎರಡಕ್ಕೂ ನಡುವಿನ 75 ದಾಖಲೆಗೆ ಹೋಯಿತು. ಅಂದ್ರೆ ಈ ಲೆಕ್ಕ ಸಿನಿಮಾದವರು ಏರಿಸಿದ್ದಲ್ಲ, ಡಾಸ್ ತಾನೇ ಇಳಿಸಿದ್ದು.

ಹೇಗೆ ಇಳಿಸಿದ ಅನ್ನೋದು ನನಗೆ ಇನ್ನೂ ಇಷ್ಟ. ಹಿಂದೊಮ್ಮೆ ತರಬೇತಿಯಲ್ಲಿ ಗಂಟು ಹಾಕೋದು ಕಲಿಯುವಾಗ ಹಗ್ಗ ಮಡಿಸಿ ಹಾಕಿದ್ದಕ್ಕೆ ಒಂದು ಕುಣಿಕೆಯ ಜಾಗದಲ್ಲಿ ಎರಡು ಬಂದಿದ್ದವು. ಅವತ್ತು ಅದೇ ನೆನಪಾಯಿತು. ಗಾಯಾಳುವಿನ ಒಂದೊಂದು ಕಾಲು ಒಂದೊಂದು ಕುಣಿಕೆಯೊಳಗೆ. ಎದೆಗೆ ಒಂದು ಸುತ್ತು, ಮತ್ತೊಂದು ಗಂಟು. ಮೇಲೆ ಹಗ್ಗವನ್ನು ಮರದ ಮೋಟಿಗೆ ಸುತ್ತಿ, ಗೋಡೆಯಂಥ ಕಡಿದಾದ ಬಂಡೆಯಿಂದ ಮೆಲ್ಲಗೆ ಕೆಳಗೆ ಬಿಡೋದು. ಪ್ರತಿ ಸಲ ಒಂದೇ ಪ್ರಾರ್ಥನೆ: ದೇವರೇ, ಇನ್ನೊಬ್ಬನನ್ನು ಉಳಿಸೋಕೆ ಸಹಾಯ ಮಾಡು. ಗಂಟೆಗಟ್ಟಲೆ ಹಗ್ಗ ಜಾರಿದ ಅಂಗೈ ಹೇಗಾಗಿರಬೇಕು, ಯೋಚಿಸಿ.

ಡಾಸ್ ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಪಂಥದವನು. ‘ಕೊಲ್ಲಬೇಡ’ ಅನ್ನೋ ಮಾತನ್ನು ಚಿಕ್ಕಂದಿನಿಂದ ಗಟ್ಟಿಯಾಗಿ ಹಿಡಿದಿದ್ದ. ಹಡಗು ಕಟ್ಟೆಯ ಕೆಲಸ ತೋರಿಸಿ ಸೈನ್ಯದಿಂದ ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳಲಿಲ್ಲ.

2016ರ ಈ ಸಿನಿಮಾದಲ್ಲಿ ಕಟ್ಟುಕಥೆ ಇಲ್ಲವೇ ಇಲ್ಲ ಅಂತಲ್ಲ. ಸಿನಿಮಾದಲ್ಲಿ ತೋರಿಸಿದ ಹಾಗೆ ಮದುವೆ ದಿನ ಅವನು ಜೈಲಿನಲ್ಲಿರಲಿಲ್ಲ. ಕೋರ್ಟ್ ಮಾರ್ಷಲ್ (ಸೇನೆಯ ನ್ಯಾಯಾಲಯದ ವಿಚಾರಣೆ) ಮಾಡ್ತೀವಿ ಅನ್ನೋ ಬೆದರಿಕೆ ಇತ್ತು, ಅದು ನಡೆಯಲಿಲ್ಲ. ಒಕಿನಾವಾ ಅವನ ಮೊದಲ ಯುದ್ಧವೂ ಅಲ್ಲ. 1944ರಲ್ಲೇ ಗುವಾಮ್ ಮತ್ತು ಲೇಟೆ ದ್ವೀಪಗಳಲ್ಲಿ ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಎಳೆದು ತಂದಿದ್ದ.

ಆದರೆ ನನ್ನ ಬೇಸರ ಬೇರೆ. ದೊಡ್ಡ ಸಂಗತಿಯನ್ನೇ ಸಿನಿಮಾ ಬಿಟ್ಟಿದೆ. ಮೇ 21ರ ರಾತ್ರಿ ಗ್ರೆನೇಡ್ ಸಿಡಿದು ಡಾಸ್ ಕಾಲುಗಳಿಗೆ ಚೂರುಗಳು ಹೊಕ್ಕವು. ಇನ್ನೊಬ್ಬ ಸಹಾಯಕ ತನಗಾಗಿ ಹೊರಗೆ ಬಂದು ಸಾಯೋದು ಬೇಡ ಅಂತ ತಾನೇ ಪಟ್ಟಿ ಕಟ್ಟಿಕೊಂಡು ಐದು ಗಂಟೆ ಬಿದ್ದಿದ್ದ. ಕೊನೆಗೆ ಸ್ಟ್ರೆಚರ್ ಬಂತು. ದಾರಿಯಲ್ಲಿ ತನಗಿಂತ ಜಾಸ್ತಿ ಗಾಯವಾದವನೊಬ್ಬ ಕಂಡ. ಡಾಸ್ ತೆವಳಿ ಕೆಳಗಿಳಿದು, ಮೊದಲು ಅವನನ್ನು ಒಯ್ಯಿರಿ ಅಂದ. ಅವರು ವಾಪಸ್ ಬರೋದನ್ನು ಕಾಯುವಾಗ ಮತ್ತೆ ಗುಂಡು ಬಿತ್ತು, ಕೈ ಮೂಳೆ ಮುರಿಯಿತು. ಬಂದೂಕಿನ ಮರದ ಹಿಡಿಯನ್ನು ದಬ್ಬೆ ಕಟ್ಟೋ ಹಾಗೆ ಆ ಕೈಗೆ ಕಟ್ಟಿಕೊಂಡ. ಹಾಗೇ 300 ಗಜ ತೆವಳಿ ಚಿಕಿತ್ಸೆಯ ಜಾಗ ತಲುಪಿದ.