‘ಆಗಲ್ಲ’ ಅನ್ನಲು ಗೊತ್ತಿರುವ ಕನ್‌ಸ್ಟ್ರಕ್ಟರ್

ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿತು ಕೆಲಸಕ್ಕೆ ಸೇರಿದ ಹೊಸಬರನ್ನು ‘ಕನ್‌ಸ್ಟ್ರಕ್ಟರ್ ಅಂದ್ರೆ ಏನು?’ ಅಂತ ಕೇಳಿದರೆ ಉತ್ತರ ತಡವಿಲ್ಲದೆ ಬರುತ್ತದೆ. ಕ್ಲಾಸ್ ಅನ್ನುವ ನಕ್ಷೆಯಿಂದ ಆಬ್ಜೆಕ್ಟ್ ಕಟ್ಟುವಾಗ ಓಡುವ ಕೋಡ್, ಕ್ಲಾಸಿನ ಹೆಸರೇ ಅದಕ್ಕೂ ಇರಬೇಕು, ರಿಟರ್ನ್ ಟೈಪ್ ಇರಬಾರದು, ನ್ಯೂ ಅಂದಾಗ ಓಡುತ್ತದೆ. ಎಲ್ಲ ಸರಿ. ‘ಆಮೇಲೆ ಮಾಹಿತಿ ತುಂಬಿಸಲು, ಬದಲಿಸಲು ಸೆಟ್ಟರ್ ಇದೆಯಲ್ಲ, ಮತ್ತೆ ಇದು ಯಾಕೆ?’ ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಪಾಠದಲ್ಲಿ ವಿದ್ಯಾರ್ಥಿಯ ಹೆಸರು, ರೋಲ್ ನಂಬರ್ ತುಂಬಿಸಲು ಅದನ್ನು ಬಳಸಿರುತ್ತಾರೆ, ಅಷ್ಟೇ. ತುಂಬಿಸುವುದು ಅದರ ಅರ್ಧ ಕೆಲಸ. ತಪ್ಪು ಮಾಹಿತಿ ಬಂದರೆ ಆಬ್ಜೆಕ್ಟನ್ನು ಹುಟ್ಟಲೇ ಬಿಡದಿರುವುದು ಇನ್ನರ್ಧ.

ಹುಟ್ಟಲು ಬಿಟ್ಟರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಜಾವಾದ ಮೊದಲ ಆವೃತ್ತಿಯಿಂದಲೂ ಡೇಟ್ ಅನ್ನುವ ಕ್ಲಾಸ್ ಇದೆ. ‘ನ್ಯೂ ಡೇಟ್(2024, 1, 30)’ ಅಂತ ಬರೆದರೆ ಯಾವ ದಿನ ಸಿಗಬಹುದು? ಜನವರಿ 30 ಅಂದುಕೊಳ್ಳುತ್ತೀರಿ ಅಲ್ವಾ? ಸಿಗುವುದು 3924ರ ಮಾರ್ಚ್ 1! ಆ ಕ್ಲಾಸು ಇಸವಿಯನ್ನು 1900ರಿಂದ ಎಣಿಸುತ್ತದೆ. ತಿಂಗಳು ಸೊನ್ನೆಯಿಂದ ಶುರು, ಹಾಗಾಗಿ 1 ಅಂದರೆ ಫೆಬ್ರವರಿ. ಫೆಬ್ರವರಿಗೆ 30 ಇಲ್ಲ, ಸುಮ್ನೆ ಮಾರ್ಚ್‌ಗೆ ಜಾರಿತು. ಇಷ್ಟಾದರೂ ಕನ್‌ಸ್ಟ್ರಕ್ಟರ್ ಚಕಾರ ಎತ್ತಲಿಲ್ಲ. 1997ರ 1.1 ಆವೃತ್ತಿಯಲ್ಲೇ ‘ಇದನ್ನು ಬಳಸಬೇಡಿ’ ಅಂತ ಗುರುತು ಹಾಕಿದರು. ಎಡಿಟರ್‌ನಲ್ಲಿ ಅದರ ಮೇಲೆ ಅಡ್ಡ ಗೆರೆ ಕಾಣುವುದು ಅದಕ್ಕೇ.

2014ರಲ್ಲಿ ಜಾವಾ 8ರ ಜೊತೆ ಲೋಕಲ್‌ಡೇಟ್ ಬಂತು. ಇದರ ಕನ್‌ಸ್ಟ್ರಕ್ಟರ್ ಪ್ರೈವೇಟ್. ಹೊರಗಿನಿಂದ ನ್ಯೂ ಅಂದರೆ ಕಂಪೈಲರ್ (ಕೋಡನ್ನು ಓಡುವ ಮೊದಲು ಪರೀಕ್ಷಿಸಿ ಪರಿವರ್ತಿಸುವ ಪ್ರೋಗ್ರಾಂ) ಬಿಡುವುದೇ ಇಲ್ಲ. ‘ಆಫ್’ನಂಥ ಸ್ಟ್ಯಾಟಿಕ್ ಮೆಥಡ್ (ಆಬ್ಜೆಕ್ಟ್ ಇಲ್ಲದೆಯೇ ಕರೆಯಬಹುದಾದ ಕೋಡಿನ ತುಂಡು) ಮೂಲಕವೇ ಬರಬೇಕು. ‘ಲೋಕಲ್‌ಡೇಟ್.ಆಫ್(2024, 2, 30)’ ಅಂದರೆ ಅಲ್ಲೇ ಎಕ್ಸೆಪ್ಷನ್, ಅಂದರೆ ‘ತಪ್ಪಾಗಿದೆ’ ಅಂತ ಹೇಳಿ ಕೋಡ್ ಅಲ್ಲೇ ನಿಲ್ಲುತ್ತದೆ. ಕೈಯಲ್ಲಿ ಲೋಕಲ್‌ಡೇಟ್ ಇದೆ ಅಂದರೆ ಅದು ಕ್ಯಾಲೆಂಡರಿನಲ್ಲಿ ಇರುವ ದಿನವೇ. ಮುಂದಿನ ಕೋಡಿನಲ್ಲಿ ಆ ಚಿಂತೆ ಇಲ್ಲ.

ಈಗ ನಮ್ಮದೇ ಒಂದು ಕ್ಲಾಸ್ ಬರೆಯೋಣ. ಆಫೀಸಿನ ರಜೆ ಅರ್ಜಿ. ಕ್ಲಾಸಿನ ಹೆಸರು ರಜೆ, ಫೀಲ್ಡ್‌ಗಳು (ಆಬ್ಜೆಕ್ಟ್ ಒಳಗೆ ಮಾಹಿತಿ ಇಡುವ ಜಾಗಗಳು) ಶುರು ಮತ್ತು ಕೊನೆ, ಎರಡೂ ಲೋಕಲ್‌ಡೇಟ್. (ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟರೂ ಜಾವಾ ಒಪ್ಪುತ್ತದೆ. ಕ್ಲಾಸ್, ನ್ಯೂ, ವಾಯ್ಡ್ ತರಹದ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು. ಟೀಮಿನಲ್ಲಿ ಯಾರೂ ಹೀಗೆ ಬರೆಯುವುದಿಲ್ಲ, ಕಲಿಯುವಾಗ ಬರೆದು ನೋಡಿ, ಮಜಾ ಇದೆ.) ಕನ್‌ಸ್ಟ್ರಕ್ಟರ್‌ನ ಮೊದಲ ಸಾಲಿನಲ್ಲೇ, ಕೊನೆಯ ದಿನ ಶುರುವಿಗಿಂತ ಹಿಂದಿದ್ದರೆ ಎಕ್ಸೆಪ್ಷನ್ ಎಸೆಯಿರಿ. ಆಮೇಲೆ ‘ದಿಸ್.ಶುರು = ಶುರು’, ‘ದಿಸ್.ಕೊನೆ = ಕೊನೆ’.

‘ದಿಸ್’ ಅಂದರೆ ಈಗ ಕಟ್ಟುತ್ತಿರುವ ಆಬ್ಜೆಕ್ಟ್. ಅದನ್ನು ಬಿಟ್ಟರೆ? ‘ಶುರು = ಶುರು’ ಅಂದರೆ ಪ್ಯಾರಾಮೀಟರ್ (ಹೊರಗಿನಿಂದ ಕೊಟ್ಟ ಮಾಹಿತಿ) ತನ್ನನ್ನೇ ತನಗೆ ತುಂಬಿಕೊಳ್ಳುತ್ತದೆ. ಕಂಪೈಲ್ ಆಗುತ್ತದೆ, ತಪಾಸಣೆಯೂ ಪಾಸ್. ಫೀಲ್ಡ್ ಮಾತ್ರ ನಲ್ ಆಗಿಯೇ, ಅಂದರೆ ಖಾಲಿಯಾಗಿಯೇ ಉಳಿಯುತ್ತದೆ. ಎಷ್ಟೋ ಹೊತ್ತಿನ ಮೇಲೆ ಇನ್ಯಾವುದೋ ಮೆಥಡ್‌ನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ ಬರುತ್ತದೆ. ಸ್ಟ್ಯಾಕ್ ಟ್ರೇಸ್ (ಎಕ್ಸೆಪ್ಷನ್ ಎಲ್ಲಿ ಬಂತು ಅಂತ ತೋರಿಸುವ ಪಟ್ಟಿ) ಆ ಸಾಲನ್ನು ತೋರಿಸುತ್ತದೆಯೇ ಹೊರತು ತಪ್ಪು ನಡೆದ ಸಾಲನ್ನಲ್ಲ. ಇಂಥದ್ದೇ ಇನ್ನೊಂದು, ಅಭ್ಯಾಸಬಲದಿಂದ ‘ವಾಯ್ಡ್ ರಜೆ()’ ಅಂತ ಬರೆಯುವುದು. ರಿಟರ್ನ್ ಟೈಪ್ ಬಂದ ಕೂಡಲೇ ಅದು ಬರೀ ಮೆಥಡ್. ಬೇರೆ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ಕಂಪೈಲರ್ ತಾನೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ಸೇರಿಸುತ್ತದೆ. ‘ನ್ಯೂ ರಜೆ()’ ಅಂದಾಗ ಓಡುವುದು ಆ ಖಾಲಿಯದು. ನೀವು ಬರೆದದ್ದನ್ನು ಯಾರೂ ಕರೆಯುವುದೇ ಇಲ್ಲ.

ಎರಡಕ್ಕೂ ಮದ್ದು ಒಂದೇ. ಫೀಲ್ಡ್‌ಗಳಿಗೆ ‘ಫೈನಲ್’ ಹಾಕಿ, ಅಂದರೆ ಹುಟ್ಟುವಾಗ ಒಮ್ಮೆ ತುಂಬಲೇಬೇಕು, ಆಮೇಲೆ ಬದಲಿಸುವಂತಿಲ್ಲ. ಆಗ ಎರಡೂ ತಪ್ಪು ಕಂಪೈಲರ್ ಕೈಗೆ ಸಿಕ್ಕಿಬೀಳುತ್ತವೆ. ಹೊಸಬರ ಕೋಡ್ ನೋಡುವಾಗ ನಾನು ಮೊದಲು ಹುಡುಕುವುದು ಈ ಪದವನ್ನೇ.

ಫೈನಲ್ ಹಾಕಿದರೆ ಸೆಟ್ಟರ್ ಬರೆಯಲು ಆಗುವುದಿಲ್ಲ, ನಿಜ. ಬೇಡವೇ ಬೇಡ. ಕನ್‌ಸ್ಟ್ರಕ್ಟರ್‌ನಲ್ಲಿ ಅಷ್ಟು ತಪಾಸಣೆ ಮಾಡಿ, ಆಮೇಲೆ ಸೆಟ್ಟರ್ ಮೂಲಕ ಕೊನೆಯ ದಿನವನ್ನು ಹಿಂದಕ್ಕೆ ತಳ್ಳಲು ಬಿಟ್ಟರೆ ಏನು ಬಂತು? ಹಾಗಾದರೆ ರಜೆ ಒಂದು ವಾರ ಮುಂದಕ್ಕೆ ಹೋಯಿತು ಅಂದುಕೊಳ್ಳಿ. ‘ಮುಂದೂಡು’ ಅನ್ನುವ ಮೆಥಡ್ ಬರೆಯಿರಿ. ಅದು ಹೊಸ ದಿನಾಂಕಗಳಿಂದ ಹೊಸ ರಜೆ ಆಬ್ಜೆಕ್ಟ್ ಕಟ್ಟಿ ಕೊಡಲಿ. ಆ ಹೊಸದೂ ಅದೇ ಕನ್‌ಸ್ಟ್ರಕ್ಟರ್ ದಾಟಿಯೇ ಬರಬೇಕು. ಲೋಕಲ್‌ಡೇಟ್‌ನ ‘ಪ್ಲಸ್‌ಡೇಸ್’ ಕೂಡ ಇದೇ ದಾರಿಯದು. ‘ಶುರು.ಪ್ಲಸ್‌ಡೇಸ್(7)’ ಅಂತ ಬರೆದು ಉತ್ತರವನ್ನು ಯಾವುದಕ್ಕೂ ಹಾಕಿಕೊಳ್ಳದಿದ್ದರೆ ಏನೂ ಬದಲಾಗುವುದಿಲ್ಲ. ಕಂಪೈಲರ್ ಕೂಡ ಸುಮ್ಮನಿರುತ್ತದೆ. ಈ ಬಗ್ ಕಾಣುವುದು ಜಾಸ್ತಿ.

ಜಾವಾ 16ರಿಂದ (2021) ರೆಕಾರ್ಡ್ ಇದೆ, ಬರೀ ಮಾಹಿತಿ ಹಿಡಿದಿಡುವ ಕ್ಲಾಸನ್ನು ಚಿಕ್ಕದಾಗಿ ಬರೆಯುವ ರೀತಿ. ರಜೆಯಂಥ ಕ್ಲಾಸಿಗೆ ಅದೇ ಸಾಕು, ಫೀಲ್ಡ್‌ಗಳು ತಾವಾಗಿಯೇ ಫೈನಲ್. ಆದರೆ ಮೊದಲ ಸಲ ಕೈಯಾರೆ ಬರೆಯಿರಿ. ‘ಎಷ್ಟುದಿನ’ ಅನ್ನುವ ಮೆಥಡ್ ಸೇರಿಸಿ, 2024ರ ಫೆಬ್ರವರಿ 28ರಿಂದ ಮಾರ್ಚ್ 1ರ ತನಕ ಕೊಟ್ಟು ನೋಡಿ. 3 ಬರಬೇಕು. 2 ಬಂದರೆ ಕೊನೆಯ ದಿನ ಬಿಟ್ಟುಹೋಗಿದೆ, ಒಂದು ಕೂಡಿಸಿ. ಆಮೇಲೆ ಎರಡು ದಿನಾಂಕಗಳನ್ನು ಅದಲು ಬದಲು ಮಾಡಿ ಓಡಿಸಿ. ಎಕ್ಸೆಪ್ಷನ್ ಬರಬೇಕು, ಟ್ರೇಸಿನಲ್ಲಿ ‘at’ ಅಂತ ಶುರುವಾಗುವ ಮೊದಲ ಸಾಲು ಕನ್‌ಸ್ಟ್ರಕ್ಟರನ್ನೇ ತೋರಿಸಬೇಕು.