ತೋಡಿಗೆ ಚೆಲ್ಲಿದ ಹಾಲು

ದನಕ್ಕೆ ಕೆಚ್ಚಲುಬಾವು ಬಂದರೆ ವೈದ್ಯರು ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು, ಇಷ್ಟು ದಿನ ಹಾಲನ್ನು ಡೈರಿಗೆ ಹಾಕಬೇಡಿ ಎನ್ನುತ್ತಾರೆ. ಹೇಳಿದ ಮಾತು ಕೇಳುವವರು ನಾವು, ಹಾಕುವುದಿಲ್ಲ. ಹಾಗಾದರೆ ಆ ಹಾಲು ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲಿ ಅದು ಹಲವು ವರ್ಷ ಹಟ್ಟಿಯ ಹಿಂದಿನ ತೋಡಿಗೆ ಹೋಯಿತು. ಕರುವಿಗೆ ಕುಡಿಸಬಾರದೆಂಬ ಎಚ್ಚರವಿತ್ತು, ನೀರಿಗೆ ಚೆಲ್ಲಬಾರದೆಂದು ಹೊಳೆದಿರಲಿಲ್ಲ. ತೋಡು ಹೊಳೆ ಸೇರುತ್ತದೆ, ಹೊಳೆ ಕಡಲು ಸೇರುತ್ತದೆ, ಅಲ್ಲಿಗೆ ಲೆಕ್ಕ ಚುಕ್ತಾ ಎಂಬ ಧೈರ್ಯ.

ಕಾಸರಗೋಡಿನಲ್ಲಿ ಹೊಳೆಗಳಿಗೆ ಬರವಿಲ್ಲ. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯವು. ಅವುಗಳಲ್ಲಿ ದೊಡ್ಡವಳಾದ ಚಂದ್ರಗಿರಿ ಸುಳ್ಯದ ಕಡೆಯಿಂದ ಬರುವಾಗ ಪಯಸ್ವಿನಿ. ಹಾಗೆಂದರೆ ಹಾಲುಳ್ಳವಳು ಎಂದರ್ಥ. ನಾವು ಚೆಲ್ಲುವ ಹಾಲನ್ನು ನೆನೆದು ಯಾರೂ ಆ ಹೆಸರಿಟ್ಟಿರಲಾರರು. ಬಾವಿಕ್ಕೆರೆಯಲ್ಲಿ ಆ ನೀರನ್ನು ತಡೆದು ಕಾಸರಗೋಡು ಪೇಟೆಗೆ ಕುಡಿಯಲು ಒದಗಿಸುತ್ತಾರೆ. ಕಡಲು ಮುಟ್ಟುವ ಮೊದಲೇ ಹೊಳೆ ಒಮ್ಮೆ ಮನೆಗಳಿಗೆ ಹೊಕ್ಕು ಹೊರಡುತ್ತದೆ.

ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ. ಹೊಳೆಗೆ ಸೇರಿದರೆ ಅದು ಎಷ್ಟೋ ಪಾಲು ತೆಳುವಾಗುತ್ತದೆ, ಕೊಲ್ಲುವ ಶಕ್ತಿ ಉಳಿಯುವುದಿಲ್ಲ ಎಂಬುದು ನಿಜ. ತೊಂದರೆ ಶುರುವಾಗುವುದು ಅಲ್ಲಿಯೇ. ಕೊಲ್ಲಲು ಬೇಕಾದುದಕ್ಕಿಂತ ನೂರಾರು ಪಟ್ಟು ಕಡಿಮೆ ಇದ್ದರೂ ಕೆಲವು ಔಷಧಗಳು ತಮ್ಮನ್ನು ಎದುರಿಸಬಲ್ಲ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತವೆ ಎಂದು 2011ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದರು. ಉಳಿದವು ಸಾಯುವುದಿಲ್ಲ, ಸ್ವಲ್ಪ ಸೊರಗುತ್ತವೆ ಅಷ್ಟೆ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲ ಜೀವಿಗಳ ನಡುವೆ ಅಷ್ಟು ವ್ಯತ್ಯಾಸ ಸಾಕು.

ಎದುರಿಸುವ ವಿದ್ಯೆ ಅವುಗಳಿಗೆ ಹೊಸತಲ್ಲ. 30,000 ವರ್ಷದಿಂದ ಹೆಪ್ಪುಗಟ್ಟಿದ್ದ ಉತ್ತರ ಧ್ರುವದ ಕಡೆಯ ಮಣ್ಣಿನಲ್ಲೂ ಆ ವಿದ್ಯೆಯನ್ನು ಹೊತ್ತ ಜೀನುಗಳು, ಅಂದರೆ ವಂಶವಾಹಿಗಳು, ಸಿಕ್ಕಿವೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆ ಯಾರಿಗೆ ಗೊತ್ತಿಲ್ಲ? ಅದನ್ನು ಹೊಮ್ಮಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ಕುಲದಿಂದಲೇ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತದ್ದು. ಮಣ್ಣಿನಲ್ಲಿ ಮದ್ದು ತಯಾರಿಸುವವರಿದ್ದರೆ ಅದಕ್ಕೆ ಪ್ರತಿಮದ್ದು ಬಲ್ಲವರೂ ಇರಲೇಬೇಕಲ್ಲ. ಆದರೆ ಆ ವಿದ್ಯೆ ಹಿಂದೆ ಮಣ್ಣಿನ ಮೂಲೆಗಳಲ್ಲಿ ಇತ್ತು. ಮನುಷ್ಯನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಕೈಗೆ ಸುಲಭವಾಗಿ ಎಟಕುತ್ತಿರಲಿಲ್ಲ. ಎಟಕಿಸಿಕೊಟ್ಟ ಕಡೆಗಳಲ್ಲಿ ಹೊಳೆಯೂ ಒಂದು.

ಕೊಡುಕೊಳ್ಳುವ ರೀತಿ ನಮ್ಮ ಕಡೆಯ ಕಾಳುಮೆಣಸಿನ ಬಳ್ಳಿಯಂತೆ. ಒಳ್ಳೆಯ ತಳಿಯೊಂದು ಒಬ್ಬರ ತೋಟದಲ್ಲಿದ್ದರೆ ಬೇಲಿಯಾಚೆಯವರು ಒಂದು ತುಂಡು ಕೇಳಿ ಒಯ್ಯುತ್ತಾರೆ. ಕೊಟ್ಟವರಿಗೆ ನಷ್ಟವಿಲ್ಲ, ನೆಂಟಸ್ತಿಕೆಯೂ ಬೇಕಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಿರುತ್ತವೆ. ಎರಡು ಜೀವಕೋಶಗಳು ತಾಗಿದಾಗ ಒಂದು ತನ್ನ ಉಂಗುರದ ನಕಲನ್ನು ಇನ್ನೊಂದಕ್ಕೆ ದಾಟಿಸಬಲ್ಲದು, ಜಾತಿ ಬೇರೆಯಾದರೂ. ಹೊಳೆಕಲ್ಲಿನ ಮೇಲೆ ಕಾಲಿಟ್ಟರೆ ಜಾರುವ ಲೋಳೆ ಇದೆಯಲ್ಲ, ಅದರಲ್ಲಿ ಬ್ಯಾಕ್ಟೀರಿಯಾಗಳು ಮೈಗೆ ಮೈ ತಾಗಿಕೊಂಡೇ ಬದುಕುತ್ತವೆ. ಶೌಚದ ಗುಂಡಿಯಿಂದ ಜಿನುಗಿ ಬಂದದ್ದು, ಕೋಳಿ ಫಾರಂನಿಂದ ಬಂದದ್ದು, ಹಟ್ಟಿಯದ್ದು, ಅಲ್ಲೇ ಹುಟ್ಟಿದ್ದು ಎಲ್ಲವೂ ಅಲ್ಲಿ ನೆರೆಹೊರೆ.

ಬಳ್ಳಿಯ ಬುಡದ ಮಣ್ಣಿನ ಜೊತೆ ಕಳೆಯ ಬೀಜವೂ ಬರುವುದುಂಟು. ಒಂದೇ ಉಂಗುರದಲ್ಲಿ ನಾಲ್ಕಾರು ಔಷಧಗಳನ್ನು ಎದುರಿಸುವ ಜೀನುಗಳಿರಬಹುದು, ಲೋಹಗಳನ್ನು ತಾಳಿಕೊಳ್ಳುವ ಜೀನೂ ಇರಬಹುದು. ಈ ಸಂಗತಿ ಅಡಿಕೆ ಬೆಳೆಗಾರನಾದ ನನ್ನನ್ನು ಹೆಚ್ಚು ಕೆಣಕಿದೆ. ಕೊಳೆರೋಗಕ್ಕೆ ನಾವು ಮದ್ದು ಬಿಡುವುದು ಬೋರ್ಡೋ ದ್ರಾವಣವನ್ನು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ನಡುವೆ ಬಿಸಿಲು ಬಂದಾಗ ಮತ್ತೊಮ್ಮೆ. ಮೈಲುತುತ್ತು ಎಂದರೆ ತಾಮ್ರ. ಔಷಧಗಳ ಹಾಗೆ ತಾಮ್ರ ಕರಗಿ ಕಾಣೆಯಾಗುವುದಿಲ್ಲ, ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಡೆನ್ಮಾರ್ಕಿನಲ್ಲಿ ತಾಮ್ರ ಸೇರಿದ ಹೊಲದ ಮಣ್ಣನ್ನು ಪರೀಕ್ಷಿಸಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಎದುರಿಸುವವು ಹೆಚ್ಚಿದ್ದವು. ತಾಮ್ರವನ್ನು ತಾಳಿಕೊಳ್ಳಬಲ್ಲದ್ದು ಉಳಿಯುತ್ತದೆ, ಅದರ ಜೊತೆಗೆ ಅದೇ ಉಂಗುರದ ಉಳಿದ ವಿದ್ಯೆಯೂ ಉಳಿಯುತ್ತದೆ. ಬೋರ್ಡೋ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಕೊಳೆರೋಗಕ್ಕೆ ಒಂದು ವರ್ಷದ ಫಸಲು ಕೊಟ್ಟವನು ಹಾಗೆನ್ನುವುದಿಲ್ಲ. ಆದರೆ ಮದ್ದು ಬಿಟ್ಟ ಸಂಜೆ ಡ್ರಮ್ಮನ್ನು ತೋಡಿನಲ್ಲೇ ತೊಳೆಯಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ?

ನಮ್ಮದು ಚಿಲ್ಲರೆ ವ್ಯವಹಾರ. ಸಗಟು ನೋಡಬೇಕಾದರೆ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಕಡೆ ನೋಡಬೇಕು. ಔಷಧ ಕಾರ್ಖಾನೆಗಳ ತ್ಯಾಜ್ಯ ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತೆಂದು 2007ರಲ್ಲಿ ವರದಿಯಾಯಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೆಹಲಿಯ 50 ನಲ್ಲಿನೀರಿನ ಮಾದರಿಗಳಲ್ಲಿ ಎರಡರಲ್ಲಿ ಎನ್‌ಡಿಎಂ-1 ಜೀನು ಸಿಕ್ಕಿತು. ಬೇರೆ ಔಷಧಗಳು ಸೋತಾಗ ಆಸ್ಪತ್ರೆಗಳು ಕೈಗೆತ್ತಿಕೊಳ್ಳುವ ಕಾರ್ಬಪೆನೆಮ್‌ಗಳನ್ನೇ ಮುರಿದುಹಾಕುವ ಕಿಣ್ವದ ಜೀನು ಅದು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬುದು ಅಂದಾಜು.

ವೈದ್ಯರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳಿ, ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೇಳಬೇಡಿ ಎಂಬ ಬುದ್ಧಿವಾದ ಸರಿಯಾದದ್ದೇ. ಅದು ಅರ್ಧ ಮಾತ್ರ. ನಿಯಮದಂತೆ ನುಂಗಿದ ಅಮಾಕ್ಸಿಸಿಲಿನ್‌ನಲ್ಲೂ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಶೌಚದ ಗುಂಡಿಯ ಪ್ರಶ್ನೆ. ನಮ್ಮ ಮುರಕಲ್ಲಿನ ನೆಲವೋ ಜಾಲರಿಯ ಹಾಗೆ. ಮೇಲೆ ಸುರಿದದ್ದು ಬೇಗನೆ ಕೆಳಗಿಳಿಯುತ್ತದೆ. ಬಾವಿಗೂ ಗುಂಡಿಗೂ ಏಳೂವರೆ ಮೀಟರ್ ಅಂತರ ಬೇಕೆಂಬ ನಿಯಮ ಕೇರಳದಲ್ಲಿದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು, ಪಕ್ಕದವರ ಗುಂಡಿಯನ್ನೂ ಸೇರಿಸಿ, ಅದನ್ನು ಅಳೆದು ನೋಡಲಿ. ಬಾವಿನೀರನ್ನು ಪರೀಕ್ಷೆಗೆ ಕೊಟ್ಟರೆ ಕೊಳಚೆ ಸೇರಿದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಬರೆದುಕೊಡುತ್ತಾರೆ, ಅವುಗಳಲ್ಲಿ ಎಷ್ಟು ಔಷಧಕ್ಕೆ ಜಗ್ಗದವು ಎಂಬುದು ಆ ಚೀಟಿಯಲ್ಲಿರುವುದಿಲ್ಲ. ಚೆನ್ನಾಗಿ ಕುದಿಸಿದರೆ ಎರಡೂ ಬಗೆಯವು ಸಾಯುತ್ತವೆ ಎಂಬುದು ಸಮಾಧಾನದ ಸಂಗತಿ.

ನಮ್ಮಲ್ಲಿ ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಹಾಕುತ್ತೇವೆ. ಹಿಂದೆ ಕಲ್ಲು, ಮಣ್ಣು, ಅಡಿಕೆ ಮರ. ಈಗ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ನಿಂತ ನೀರಿನಿಂದ ಬಾವಿಗಳಲ್ಲಿ ನೀರು ಏರುತ್ತದೆ, ತೋಟ ಉಳಿಯುತ್ತದೆ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿದ್ದುದು ಬೇಸಗೆಯಲ್ಲಿ ಕಟ್ಟದ ಹಿಂದೆ ನಮ್ಮ ಜೊತೆಗೇ ನಿಲ್ಲುತ್ತದೆ.

ಈಗ ಇಂಜೆಕ್ಷನ್ ಕೊಟ್ಟ ದನದ ಹಾಲನ್ನು ಬಾವಿಗೂ ತೋಡಿಗೂ ದೂರವಾದ ಗುಡ್ಡೆಯ ಬದಿಯಲ್ಲಿ ಗುಂಡಿ ತೋಡಿ ಸುರಿಯುತ್ತೇನೆ. ಹಟ್ಟಿ ತೊಳೆದ ನೀರು ಮಾತ್ರ ಇನ್ನೂ ತೋಟದ ಕಣಿಯಲ್ಲೇ ಇಳಿಯುತ್ತಿದೆ, ಮತ್ತು ಕಣಿಯ ಬಾಯಿ ತೋಡಿಗೇ ಇದೆ.