ಹಿಮದ ಮೇಲೆ ಕಂಡ ರೆಕ್ಕೆ

1929ರ ನವೆಂಬರ್ 9ರಂದು ಅಲಾಸ್ಕಾದ ಟೆಲ್ಲರ್ ಎಂಬ ಪುಟ್ಟ ಊರಿನಿಂದ ಒಂದು ವಿಮಾನ ಹೊರಟಿತು. ಒಳಗೆ ಪೈಲಟ್ ಕಾರ್ಲ್ ಬೆನ್ ಐಲ್ಸನ್, ಮೆಕ್ಯಾನಿಕ್ ಅರ್ಲ್ ಬೋರ್ಲಂಡ್. ಬೇರಿಂಗ್ ಜಲಸಂಧಿಯ ಆಚೆ ಸೈಬೀರಿಯಾದ ತೀರದಲ್ಲಿ ನಾನುಕ್ ಎಂಬ ಹಡಗು ಮಂಜುಗಡ್ಡೆಗೆ ಸಿಕ್ಕಿಕೊಂಡಿತ್ತು. ಅದರಲ್ಲಿದ್ದ ಜನರನ್ನೂ ತುಪ್ಪಳದ ಸರಕನ್ನೂ ತರಬೇಕಿತ್ತು. ವಿಮಾನ ಹಡಗನ್ನು ತಲುಪಲೇ ಇಲ್ಲ.

ಐಲ್ಸನ್ ಹೊಸಬರೇನಲ್ಲ. 1928ರಲ್ಲಿ ಧ್ರುವ ಅನ್ವೇಷಕ ವಿಲ್ಕಿನ್ಸ್ ಜೊತೆ ಅಲಾಸ್ಕಾದಿಂದ ನಾರ್ವೆಯ ಸ್ಪಿಟ್ಸ್‌ಬರ್ಗೆನ್ ದ್ವೀಪದವರೆಗೆ ಆರ್ಕ್ಟಿಕ್ ಸಾಗರದ ಮೇಲೆ ಹಾರಿದ್ದವರು. ಅಂಥವರೇ ಕಾಣೆಯಾದರೆ ಹೇಗೆ?

ಎತ್ತರ ತೋರಿಸುವ ಉಪಕರಣ ಮೋಸ ಮಾಡಿರಬೇಕು ಎಂದು ಆಗಲೇ ಹಲವರು ಅನುಮಾನಪಟ್ಟರು. ನನಗೂ ಅದು ನಂಬುವಂಥದ್ದೇ ಅನಿಸುತ್ತದೆ. ಆ ಉಪಕರಣಕ್ಕೆ ನೆಲ ಎಲ್ಲಿದೆ ಅಂತ ಗೊತ್ತಿಲ್ಲ. ಅದು ಅಳೆಯುವುದು ಗಾಳಿಯ ಒತ್ತಡವನ್ನು ಮಾತ್ರ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ ಅಲ್ವಾ, ಆ ಲೆಕ್ಕದಲ್ಲಿ ಮುಳ್ಳು ತಿರುಗುತ್ತದೆ. ಆದರೆ ಬಿರುಗಾಳಿ ಬಂದಾಗಲೂ ಒತ್ತಡ ಇಳಿಯುತ್ತದೆ. ಒತ್ತಡ ಅಳೆಯುವ ಮಾಪಕದಲ್ಲಿ ಪಾದರಸದ ಮಟ್ಟ ಒಂದು ಇಂಚು ಇಳಿದರೆ ಸಾಕು, ವಿಮಾನ ಇದ್ದಲ್ಲೇ ಇದ್ದರೂ ಮುಳ್ಳು ಸುಮಾರು 1000 ಅಡಿ ಜಾಸ್ತಿ ತೋರಿಸುತ್ತದೆ. ಕೊರೆಯುವ ಚಳಿಯಲ್ಲಿ ಗಾಳಿ ಕುಗ್ಗಿ ದಟ್ಟವಾಗುವುದರಿಂದ ತಪ್ಪು ಇನ್ನಷ್ಟು ಬೆಳೆಯುತ್ತದೆ. ಹೊರಗೆ ನೋಡೋಣ ಅಂದರೆ ಮೋಡವೂ ಬಿಳಿ, ನೆಲವೂ ಬಿಳಿ. ಇವೆರಡೂ ಎಲ್ಲಿ ಸೇರುತ್ತವೆ ಅನ್ನುವುದೇ ಕಣ್ಣಿಗೆ ಸಿಗುವುದಿಲ್ಲ.

ಹುಡುಕಲು ಹೊರಟವರಿಗೂ ಅದೇ ಆಕಾಶ, ಅದೇ ಉಪಕರಣ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ದಿನಕ್ಕೆ ಕೆಲವೇ ಗಂಟೆ ಮಬ್ಬು ಬೆಳಕು. ಆ ಕಾಲದಲ್ಲಿ ರಾತ್ರಿ ವಿಮಾನ ಇಳಿಸಿದ ಕೂಡಲೇ ಎಂಜಿನ್ನಿನ ಆಯಿಲ್ ಬಸಿದು ಇಡಬೇಕಿತ್ತು, ಇಲ್ಲದಿದ್ದರೆ ಬೆಳಿಗ್ಗೆ ಗಟ್ಟಿಯಾಗಿ ಕೂರುತ್ತಿತ್ತು. ಬೆಳಿಗ್ಗೆ ಅದನ್ನು ಒಲೆಯ ಮೇಲೆ ಬಿಸಿ ಮಾಡಬೇಕು. ಎಂಜಿನ್ನಿಗೆ ದಪ್ಪ ಬಟ್ಟೆ ಹೊದಿಸಿ ಕೆಳಗೆ ಬೆಂಕಿಯಿಟ್ಟು ಕಾಯಿಸಬೇಕು. ಪಕ್ಕದಲ್ಲೇ ಪೆಟ್ರೋಲ್ ತುಂಬಿದ ಟ್ಯಾಂಕ್, ಮೈಗೆಲ್ಲ ಬಟ್ಟೆ ಹೊದಿಸಿದ ರೆಕ್ಕೆ! ಒಬ್ಬರು ಕಣ್ಣು ಮಿಟುಕಿಸದೆ ಕಾವಲು ಕೂರಲೇಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಇದ್ದ ಬೆಳಕೂ ಮುಗಿಯುತ್ತ ಬಂದಿರುತ್ತಿತ್ತು.

ಜೋ ಕ್ರಾಸನ್ ಮತ್ತು ಹೆರಾಲ್ಡ್ ಗಿಲ್ಲಮ್ ತೆರೆದ ಕಾಕ್‌ಪಿಟ್‌ನ ಎರಡು ಸಣ್ಣ ವಿಮಾನಗಳಲ್ಲಿ ಹುಡುಕಿದರು. ಮುಖಕ್ಕೆ ನೇರವಾಗಿ ಬಡಿಯುವ ಆ ಗಾಳಿಯನ್ನು ನೆನೆದರೇ ಮೈ ನಡುಗುತ್ತದೆ.

1930ರ ಜನವರಿ ಕೊನೆಯ ವಾರ. ಸೂರ್ಯ ಮರಳಿ ಬಂದಿದ್ದ. ತೀರಾ ಕೆಳಗಿರುವ ಸೂರ್ಯನಿಂದ ಒಂದು ಲಾಭವಿದೆ: ಮೊಳದೆತ್ತರದ ವಸ್ತುವಿಗೂ ಮಾರುದ್ದ ನೆರಳು ಬೀಳುತ್ತದೆ. ಬಿಳಿಯ ಬಯಲಿನಲ್ಲಿ ಕ್ರಾಸನ್‌ಗೆ ಕಪ್ಪಗೇನೋ ಕಂಡಿತು. ಹಿಮದಿಂದ ಹೊರಗೆ ಚಾಚಿದ್ದ ವಿಮಾನದ ರೆಕ್ಕೆ ಅದು. ಕಲ್ಲಿನಂತಾಗಿದ್ದ ಹಿಮವನ್ನು ಅಗೆದು ಇಬ್ಬರ ದೇಹಗಳನ್ನು ಹೊರತೆಗೆಯುವಷ್ಟರಲ್ಲಿ ಫೆಬ್ರವರಿ ಬಂದಿತ್ತು.